ಕಲ್ಲಿನ ವೀರ, ತೆರೆಯ ವೀರ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಪಟ್ಟಣದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಬಳ್ಳಿಗಾವಿ ಎಂಬ ಗ್ರಾಮವಿದೆ. ಇಂದು ಅದು ಹೊಲಗದ್ದೆಗಳ ನಡುವಣ ಒಂದು ಸಾಮಾನ್ಯ ಹಳ್ಳಿ. ಆದರೆ ಒಂಬೈನೂರು ವರ್ಷಗಳ ಹಿಂದೆ ಅದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿ, ವಿದ್ಯೆಗೂ ವ್ಯಾಪಾರಕ್ಕೂ ಹೆಸರಾದ ಮಹಾನಗರವಾಗಿದ್ದಿತು. ಅಲ್ಲಿಯ ಕೇದಾರೇಶ್ವರ ದೇವಾಲಯದ ಆವರಣದಲ್ಲಿ ಇಂದಿಗೂ ಹಲವಾರು ವೀರಗಲ್ಲುಗಳನ್ನು ಕಾಣಬಹುದು. ನೆರೆಯ ಸೊರಬ ತಾಲ್ಲೂಕಿನ ಉದ್ರಿ ಮೊದಲಾದ ಊರುಗಳಲ್ಲಿಯೂ ಇಂತಹ ಕಲ್ಲುಗಳು ಹೇರಳವಾಗಿವೆ. ಬಿ. ಎಲ್. ರೈಸ್ ಅವರು ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಸಂಗ್ರಹಿಸಿ 1902 ಮತ್ತು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡು ಸಂಪುಟಗಳಲ್ಲಿ ಪ್ರಕಟಿಸಿದಾಗ, ಅವುಗಳಲ್ಲಿ ವೀರಗಲ್ಲಿನ ಬರಹಗಳು ದೊಡ್ಡ ಸಂಖ್ಯೆಯಲ್ಲಿ ಸೇರಿದುವು. ಚಾಲುಕ್ಯರು, ಕಳಚುರಿಗಳು, ಹೊಯ್ಸಳರು, ಸೇವುಣರು ಒಬ್ಬರ ಬೆನ್ನಿಗೊಬ್ಬರು ಹಕ್ಕು ಸಾಧಿಸಲು ಹೋರಾಡಿದ ನಾಡು ಇದು. ಹಾಗಾಗಿ ಇಲ್ಲಿಯ ಊರೂರಿನಲ್ಲಿಯೂ ಯುದ್ಧದ ನೆನಪು ಕಲ್ಲಾಗಿ ನಿಂತಿದೆ.

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳಿರುತ್ತವೆ. ಕೆಳಗಿನ ಅಂಕಣದಲ್ಲಿ ಕಾಳಗದ ಚಿತ್ರ. ಬಿಲ್ಲು, ಕತ್ತಿ, ಗುರಾಣಿಗಳನ್ನು ಹಿಡಿದ ಯೋಧರು. ಕೆಲವೊಮ್ಮೆ ಅವರ ಹಿಂದೆ ತಲೆಯೆತ್ತಿ ನಿಂತ ದನಗಳ ಸಾಲು. ನಡುವಣ ಅಂಕಣದಲ್ಲಿ ಮಡಿದ ವೀರನನ್ನು ಅಪ್ಸರೆಯರು ಮೇಲಕ್ಕೆ ಕೊಂಡೊಯ್ಯುತ್ತಾರೆ. ಮೇಲಿನ ಅಂಕಣದಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ನೆತ್ತಿಯ ಮೇಲೆ ಸೂರ್ಯಚಂದ್ರರು. ಬರಹವಿದ್ದರೆ, ಅದು ವೀರನ ಹೆಸರನ್ನೂ, ಅವನು ಯಾರ ಮಗನೆಂಬುದನ್ನೂ, ಯಾವ ಕಾರಣಕ್ಕಾಗಿ ಹೋರಾಡಿ ಸತ್ತನೆಂಬುದನ್ನೂ ತಿಳಿಸುತ್ತದೆ. ದೊಡ್ಡ ಅರಸರ ಯುದ್ಧಗಳಲ್ಲಿ ಮಡಿದವರಷ್ಟೇ ಅಲ್ಲ, ಊರಿನ ತುರುಗಳನ್ನು ಕಳ್ಳರಿಂದ ಬಿಡಿಸಿಕೊಂಡು ಬರುವಾಗ ಸತ್ತವರೂ, ಹೆಣ್ಣುಮಕ್ಕಳ ಮಾನವನ್ನು ಕಾಯುವಾಗ ಸತ್ತವರೂ ಇಂತಹ ಕಲ್ಲುಗಳಲ್ಲಿ ನೆಲೆ ಪಡೆದಿದ್ದಾರೆ.

ಇಂತಹ ಊರುಗಳ ಜಗಲಿಕಟ್ಟೆಗಳ ಮೇಲೆ, ಶಾಲೆ ಬಿಟ್ಟ ಸಂಜೆಯ ಹೊತ್ತಿನಲ್ಲಿ, ನಾಲ್ಕಾರು ಹುಡುಗರು ಮೊಬೈಲ್ ಫೋನಿನ ತೆರೆಯ ಮೇಲೆ ಬಗ್ಗಿ ಕುಳಿತಿರುವುದು ಈಗ ಅಪರೂಪದ ನೋಟವಲ್ಲ. ಅವರ ಬೆರಳುಗಳು ವೇಗವಾಗಿ ಓಡುತ್ತಿರುತ್ತವೆ. ತೆರೆಯ ಮೇಲೆ ಗುಂಡು ಹಾರುತ್ತದೆ, ಸೈನಿಕನೊಬ್ಬ ಉರುಳುತ್ತಾನೆ. ಮರುಕ್ಷಣವೇ ಒಂದು ಗುಂಡಿಯನ್ನು ಒತ್ತಿದರೆ ಅವನು ಮೈಕೊಡವಿಕೊಂಡು ಮತ್ತೆ ಎದ್ದು ನಿಲ್ಲುತ್ತಾನೆ. ಕಲ್ಲಿನ ವೀರ ಒಮ್ಮೆ ಬಿದ್ದವನು ಮತ್ತೆ ಏಳಲಿಲ್ಲ. ತೆರೆಯ ವೀರ ಎಷ್ಟು ಬಾರಿ ಬಿದ್ದರೂ ಏಳುತ್ತಾನೆ. ಯುದ್ಧಕ್ಕೂ ಯುದ್ಧದ ಆಟಕ್ಕೂ ಇರುವ ವ್ಯತ್ಯಾಸವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಆದರೆ ಈ ವ್ಯತ್ಯಾಸವನ್ನು ಮರೆತವರು ಮಕ್ಕಳು ಮಾತ್ರವಲ್ಲ; ದಳಪತಿಗಳೂ ಮರೆತದ್ದುಂಟು. ಅದನ್ನು ತಿಳಿಯಬೇಕಾದರೆ ಯುದ್ಧದ ಆಟ ಬೆಳೆದುಬಂದ ದಾರಿಯನ್ನು ಒಮ್ಮೆ ನೋಡಬೇಕು.

ಯುದ್ಧವನ್ನು ಆಟವಾಗಿ ಆಡುವುದು ಗಣಕಯಂತ್ರದೊಂದಿಗೆ ಹುಟ್ಟಿದ ಅಭ್ಯಾಸವಲ್ಲ. ಕರ್ನಾಟಕದ ಅನೇಕ ಹಳೆಯ ದೇವಾಲಯಗಳ ಕಲ್ಲುಚಪ್ಪಡಿಗಳ ಮೇಲೆ ಹುಲಿ–ಕುರಿ ಆಟದ ಗೆರೆಗಳನ್ನು ಕೊರೆದಿರುವುದನ್ನು ಇಂದಿಗೂ ನೋಡಬಹುದು. ಆ ಆಟದ ಒಂದು ಬಗೆಯಲ್ಲಿ ಒಬ್ಬನ ಕೈಯಲ್ಲಿ ಮೂರು ಹುಲಿಗಳು, ಇನ್ನೊಬ್ಬನ ಕೈಯಲ್ಲಿ ಹದಿನೈದು ಕುರಿಗಳು. ಹುಲಿ ಕುರಿಯನ್ನು ಹಾರಿ ಕೊಲ್ಲುತ್ತದೆ. ಕುರಿಗಳು ಒಗ್ಗಟ್ಟಾಗಿ ಹುಲಿಯನ್ನು ಸುತ್ತುಗಟ್ಟಿ ಅಲುಗದಂತೆ ಮಾಡುತ್ತವೆ. ಬಲವಿರುವ ಕೆಲವರಿಗೂ ಬಲವಿಲ್ಲದ ಹಲವರಿಗೂ ನಡೆಯುವ ಹೋರಾಟದ ಮರ್ಮ ಈ ಸರಳವಾದ ಆಟದಲ್ಲಿದೆ. ಚದುರಂಗವಂತೂ ಹೆಸರಿನಲ್ಲಿಯೇ ಸೇನೆಯನ್ನು ಹೊತ್ತುಕೊಂಡಿದೆ. ಆನೆ, ಕುದುರೆ, ರಥ, ಪದಾತಿ ಎಂಬ ನಾಲ್ಕು ಅಂಗಗಳ ಚತುರಂಗಬಲವೇ ಆ ಆಟದ ಕಾಯಿಗಳು. ಭಾರತದಲ್ಲಿ ಹುಟ್ಟಿದ ಈ ಆಟ ಪರ್ಷಿಯ, ಅರಬ್ ದೇಶಗಳ ಮೂಲಕ ಯೂರೋಪನ್ನು ಸೇರಿತು.

ಬಳ್ಳಿಗಾವಿಯ ವೈಭವದ ಕಾಲದಲ್ಲಿ ಆ ಸೀಮೆಯನ್ನು ಆಳುತ್ತಿದ್ದವರು ಕಲ್ಯಾಣದ ಚಾಲುಕ್ಯರು. ಆ ವಂಶದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ರಾಜನ ವಿನೋದಗಳನ್ನು ವಿವರಿಸುವಾಗ ಚದುರಂಗಕ್ಕೂ ಸ್ಥಾನ ದೊರೆತಿದೆ. ಮುಂದೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳಲ್ಲಿ ಅಪಾರ ಆಸಕ್ತಿ ತಳೆದು, ಹಲವು ಹೊಸ ಆಟಗಳನ್ನೇ ರೂಪಿಸಿದರು. ಚದುರಂಗದ ಕುದುರೆಯು ಅರವತ್ತನಾಲ್ಕು ಮನೆಗಳಲ್ಲಿ ಪ್ರತಿಯೊಂದನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಸಾಗುವ ‘ಕುದುರೆ ನಡೆ’ಯ ಸಮಸ್ಯೆಯನ್ನು ಅವರು ಬಿಡಿಸಿದ್ದರು. ಒಂದು ಕಡೆ ಕಾದಾಟದಲ್ಲಿ ಮಡಿದವರಿಗೆ ಕಲ್ಲು ನೆಡುತ್ತಿದ್ದ ನಾಡಿನಲ್ಲಿಯೇ ಇನ್ನೊಂದು ಕಡೆ ಕಾದಾಟವು ಬುದ್ಧಿಯ ವಿನೋದವಾಗಿಯೂ ಇದ್ದಿತು. ಆಡುತ್ತಿದ್ದವರಿಗೆ ಎರಡರ ಭೇದ ಕಣ್ಣೆದುರಿಗೇ ಇದ್ದಿತು.

ಯುದ್ಧದ ಆಟವನ್ನು ವಿನೋದದಿಂದ ಸೈನಿಕ ಶಿಕ್ಷಣಕ್ಕೆ ಎಳೆದವರು ಜರ್ಮನರು. 1780ರಲ್ಲಿ ಹೆಲ್‌ವಿಗ್ ಎಂಬ ಪಂಡಿತನು ಚದುರಂಗದ ಹಲಗೆಯನ್ನು ಹಿಗ್ಗಿಸಿ, ಅದರಲ್ಲಿ ಬೆಟ್ಟ, ಹೊಳೆ, ಊರುಗಳನ್ನು ಗುರುತಿಸಿದನು. 1824ರಲ್ಲಿ ರೈಸ್‌ವಿಟ್ಜ್ ಎಂಬ ಪ್ರಷ್ಯದ ಯುವ ಸೇನಾಧಿಕಾರಿಯು, ತನ್ನ ತಂದೆ ಪ್ರಾರಂಭಿಸಿದ್ದ ಕೆಲಸವನ್ನು ಮುಂದುವರಿಸಿ, ‘ಕ್ರೀಗ್‌ಸ್ಪೀಲ್’ ಎಂಬ ಆಟದ ನಿಯಮಗಳನ್ನು ಪ್ರಕಟಿಸಿದನು. ಆ ಜರ್ಮನ್ ಪದಕ್ಕೆ ಯುದ್ಧಕ್ರೀಡೆ ಎಂದೇ ಅರ್ಥ. ಇದರಲ್ಲಿ ಚೌಕಗಳ ಹಲಗೆಗೆ ಬದಲಾಗಿ ನಿಜವಾದ ನಕ್ಷೆ. ಕೆಂಪು ಮತ್ತು ನೀಲಿ ಬಣ್ಣದ ತುಂಡುಗಳೇ ಎರಡು ಸೇನೆಗಳು. ಒಂದೊಂದು ಸರದಿಯೆಂದರೆ ಯುದ್ಧಭೂಮಿಯ ಎರಡು ನಿಮಿಷ. ಎರಡು ಪಕ್ಷಗಳ ನಡುವೆ ತೀರ್ಪುಗಾರನೊಬ್ಬನಿರುತ್ತಿದ್ದನು. ಕಣ್ಣಿಗೆ ಕಾಣುವಷ್ಟು ದೂರಕ್ಕೆ ಬಂದ ಶತ್ರುವನ್ನು ಮಾತ್ರ ಅವನು ನಕ್ಷೆಯ ಮೇಲೆ ತೋರಿಸುತ್ತಿದ್ದನು. ಗುಂಡು ತಗುಲಿತೇ ಇಲ್ಲವೇ ಎಂಬುದನ್ನು ದಾಳ ಉರುಳಿಸಿ, ಕೋಷ್ಟಕವನ್ನು ನೋಡಿ ನಿರ್ಧರಿಸುತ್ತಿದ್ದನು. ಯುದ್ಧದಲ್ಲಿ ಜಾಣತನದಷ್ಟೇ ಅದೃಷ್ಟವೂ, ತಿಳಿವಿನಷ್ಟೇ ತಿಳಿಯದಿರುವಿಕೆಯೂ ಕೆಲಸ ಮಾಡುತ್ತವೆ ಎಂಬ ಸತ್ಯ ಹೀಗೆ ಮೊದಲ ಬಾರಿಗೆ ಆಟದ ನಿಯಮವಾಯಿತು. 1870–71ರ ಯುದ್ಧದಲ್ಲಿ ಪ್ರಷ್ಯವು ಫ್ರಾನ್ಸನ್ನು ಸೋಲಿಸಿದ ಮೇಲೆ ಇತರ ರಾಷ್ಟ್ರಗಳ ಸೇನೆಗಳೂ ಈ ಅಭ್ಯಾಸವನ್ನು ಕೈಗೊಂಡವು.

ಇದೇ ಆಟವನ್ನು ಮನೆಯ ನೆಲಕ್ಕೆ ತಂದವನು ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್. ಆಟಿಕೆಯ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಕಾದಾಡಿಸುವ ವಿಧಾನವನ್ನು ಅವನು 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕದಲ್ಲಿ ವಿವರಿಸಿದನು. ಈ ಪುಟ್ಟ ಯುದ್ಧವನ್ನು ಕೆಲವು ಸಲ ಆಡಿದವನಿಗೆ ದೊಡ್ಡ ಯುದ್ಧವೆಂಬುದು ಎಷ್ಟು ಅವಿವೇಕದ್ದೆಂಬುದು ತಾನಾಗಿಯೇ ತಿಳಿಯುವುದೆಂದು ಅವನ ನಂಬಿಕೆ. ಆದರೆ ಮರುವರ್ಷವೇ, 1914ರಲ್ಲಿ, ಮೊದಲನೆಯ ಮಹಾಯುದ್ಧ ಆರಂಭವಾಯಿತು. ಆಟವು ಮನುಷ್ಯನನ್ನು ತಾನಾಗಿಯೇ ವಿವೇಕಿಯನ್ನಾಗಿ ಮಾಡಲಾರದು.

ಎರಡನೆಯ ಮಹಾಯುದ್ಧದ ಒಂದು ಪ್ರಸಂಗ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. 1942ರಲ್ಲಿ ಜಪಾನಿನ ನೌಕಾದಳವು ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಮೇಲೆ ದಾಳಿ ಮಾಡುವ ಯೋಜನೆ ಹಾಕಿತು. ದಾಳಿಗೆ ಮೊದಲು ಅಧಿಕಾರಿಗಳು ಮೇಜಿನ ಮೇಲೆ ಅದನ್ನು ಆಡಿ ನೋಡಿದರು. ಶತ್ರು ವಿಮಾನಗಳ ಬಾಂಬಿನ ಏಟುಗಳನ್ನು ದಾಳ ಉರುಳಿಸಿ ಎಣಿಸಿದಾಗ, ಜಪಾನಿನ ‘ಅಕಾಗಿ’ ಮತ್ತು ‘ಕಾಗಾ’ ಎಂಬ ಎರಡು ವಿಮಾನವಾಹಕ ನೌಕೆಗಳು ಮುಳುಗಿದವೆಂದು ಲೆಕ್ಕ ಬಂದಿತು. ಆಟದ ಮೇಲ್ವಿಚಾರಣೆ ನಡೆಸುತ್ತಿದ್ದ ಹಿರಿಯ ದಳಪತಿ ಉಗಾಕಿಗೆ ಈ ತೀರ್ಪು ಹಿಡಿಸಲಿಲ್ಲ. ಏಟುಗಳ ಸಂಖ್ಯೆಯನ್ನು ತಗ್ಗಿಸುವಂತೆ ಅವನು ಹೇಳಿದನು. ಅಕಾಗಿಗೆ ಅಲ್ಪ ಹಾನಿಯಾಯಿತೆಂದಷ್ಟೇ ಬರೆದುಕೊಂಡರು. ಮುಳುಗಿದ್ದ ಕಾಗಾ ಆಟದ ಮುಂದಿನ ಭಾಗದಲ್ಲಿ ಮತ್ತೆ ತೇಲಿಬಂದಿತು. ಆ ಯುದ್ಧದಲ್ಲಿ ಭಾಗವಹಿಸಿದ್ದ ಜಪಾನಿನ ಅಧಿಕಾರಿಗಳೇ ಮುಂದೆ ಇದನ್ನು ಬರೆದಿಟ್ಟಿದ್ದಾರೆ. ಜೂನ್ ತಿಂಗಳಲ್ಲಿ ನಿಜವಾದ ಯುದ್ಧ ನಡೆದಾಗ ಅಕಾಗಿ, ಕಾಗಾ ಸೇರಿದಂತೆ ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳು ನಾಶವಾದುವು. ಮೇಜಿನ ಮೇಲೆ ಅಧಿಕಾರಿಯ ಮಾತಿಗೆ ಮಣಿದು ಮೇಲೆದ್ದ ಹಡಗು, ಕಡಲಿನಲ್ಲಿ ಯಾರ ಮಾತಿಗೂ ಏಳಲಿಲ್ಲ.

ಗಣಕಯಂತ್ರವು ಬಂದ ಮೇಲೆ ತೀರ್ಪುಗಾರನ ಸ್ಥಾನ ಅದಕ್ಕೆ ದೊರೆಯಿತು. ನಕ್ಷೆ, ಸೈನ್ಯದ ಬಲ, ಆಯುಧಗಳ ದೂರಶಕ್ತಿ, ಹವೆ, ಆಹಾರದ ಪೂರೈಕೆ ಇವೆಲ್ಲವನ್ನೂ ಅಂಕಿಗಳನ್ನಾಗಿ ಮಾಡಿ ಯಂತ್ರದ ನೆನಪಿನಲ್ಲಿ ಇಡುತ್ತಾರೆ. ಮೂರು ಪಾಲು ಬಲವುಳ್ಳ ಪಡೆ ಒಂದು ಪಾಲು ಬಲದ ಪಡೆಯ ಮೇಲೆ ಬಿದ್ದರೆ ಗೆಲ್ಲುವ ಸಂಭವ ಹೆಚ್ಚು. ಆದರೆ ಗೆಲುವು ನಿಶ್ಚಿತವಲ್ಲ. ಯಂತ್ರವು ದಾಳಕ್ಕೆ ಬದಲಾಗಿ ಗೊತ್ತುಗುರಿಯಿಲ್ಲದ ಒಂದು ಅಂಕಿಯನ್ನು ತಾನೇ ಹುಟ್ಟಿಸಿ, ಕೋಷ್ಟಕದೊಡನೆ ಹೋಲಿಸಿ, ಫಲವನ್ನು ಹೇಳುತ್ತದೆ. ತೀರ್ಪುಗಾರನಿಗೆ ಗಂಟೆಗಟ್ಟಲೆ ಹಿಡಿಯುತ್ತಿದ್ದ ಲೆಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. 1958ರಲ್ಲಿ ಅಮೆರಿಕದ ನೌಕಾ ಯುದ್ಧ ಕಾಲೇಜಿನಲ್ಲಿ ವಿದ್ಯುನ್ಮಾನ ಯಂತ್ರದ ನೆರವಿನಿಂದ ಕಡಲ ಕಾಳಗವನ್ನು ಆಡುವ ವ್ಯವಸ್ಥೆ ಬಳಕೆಗೆ ಬಂದಿತು. 1962ರಲ್ಲಿ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಗೆಳೆಯರು, ಎರಡು ಆಕಾಶನೌಕೆಗಳು ನಕ್ಷತ್ರವೊಂದರ ಸುತ್ತ ಕಾದಾಡುವ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದರು. 1980ರಲ್ಲಿ ಪ್ರಕಟವಾದ ‘ಕಂಪ್ಯೂಟರ್ ಬಿಸ್ಮಾರ್ಕ್’ ಎಂಬ ಆಟದಲ್ಲಿ, 1941ರಲ್ಲಿ ಜರ್ಮನಿಯ ಬಿಸ್ಮಾರ್ಕ್ ಎಂಬ ಸಮರನೌಕೆಯನ್ನು ಬೆನ್ನಟ್ಟಿದ ಕತೆಯನ್ನು ಮನೆಯಲ್ಲಿಯೇ ಕುಳಿತು ಯಂತ್ರದ ಎದುರು ಆಡಬಹುದಾಗಿದ್ದಿತು.

ಅದೇ ವರ್ಷ ಬಂದ ‘ಬ್ಯಾಟಲ್‌ಜೋನ್’ ಎಂಬ ಟ್ಯಾಂಕ್ ಕಾಳಗದ ಆಟವು ಅಮೆರಿಕದ ಸೇನೆಯ ಗಮನ ಸೆಳೆಯಿತು. ಸೈನಿಕರ ತರಬೇತಿಗೆ ಒಗ್ಗುವಂತೆ ಅದರ ಬೇರೊಂದು ರೂಪ ಸಿದ್ಧವಾಯಿತು. ಸೇನೆಯಿಂದ ಆಟಕ್ಕೂ ಆಟದಿಂದ ಸೇನೆಗೂ ದಾರಿ ತೆರೆಯಿತು. 2002ರಲ್ಲಿ ಅಮೆರಿಕದ ಭೂಸೇನೆಯು ತರುಣರನ್ನು ತನ್ನೆಡೆಗೆ ಸೆಳೆಯುವುದಕ್ಕಾಗಿಯೇ ‘ಅಮೆರಿಕಾಸ್ ಆರ್ಮಿ’ ಎಂಬ ಆಟವನ್ನು ಉಚಿತವಾಗಿ ಹಂಚಿತು. 2022ರಲ್ಲಿ ಅದನ್ನು ನಿಲ್ಲಿಸಿತು.

ಯಂತ್ರದ ತೆರೆಯ ಮೇಲೆ ಆಟ ಮತ್ತು ನಿಜ ಒಂದೇ ರೀತಿಯಾಗಿ ತೋರುತ್ತವೆ. 1979ರ ನವೆಂಬರ್ 9ರಂದು ಅಮೆರಿಕದ ವಾಯುರಕ್ಷಣಾ ಕೇಂದ್ರದ ತೆರೆಗಳ ಮೇಲೆ, ಸೋವಿಯತ್ ಒಕ್ಕೂಟವು ನೂರಾರು ಕ್ಷಿಪಣಿಗಳನ್ನು ಹಾರಿಸಿದೆಯೆಂಬ ಸೂಚನೆ ಮೂಡಿತು. ಕಾವಲಿನ ಯುದ್ಧವಿಮಾನಗಳು ಮೇಲೇರಿದುವು. ಉಪಗ್ರಹಗಳನ್ನೂ ರಾಡಾರ್ ಕೇಂದ್ರಗಳನ್ನೂ ವಿಚಾರಿಸಿದಾಗ ಆಕಾಶದಲ್ಲಿ ಒಂದು ಕ್ಷಿಪಣಿಯೂ ಇರಲಿಲ್ಲ. ಅಭ್ಯಾಸಕ್ಕೆಂದು ಸಿದ್ಧಪಡಿಸಿದ ಕಲ್ಪಿತ ದಾಳಿಯ ವಿವರಗಳು ನಿಜವಾದ ಕಾವಲಿನ ಯಂತ್ರವ್ಯವಸ್ಥೆಯೊಳಗೆ ಸೇರಿಕೊಂಡಿದ್ದುವು. ಕೆಲವು ನಿಮಿಷಗಳ ಕಾಲ ಒಂದು ಆಟವು ಜಗತ್ತನ್ನು ಪರಮಾಣು ಯುದ್ಧದ ಅಂಚಿಗೆ ತಂದಿತ್ತು. ತೆರೆಯನ್ನು ನಂಬದೆ, ಹೊರಗಿನ ಆಕಾಶವನ್ನು ಕೇಳಿ ನೋಡಿದ ಮನುಷ್ಯರ ವಿವೇಕದಿಂದ ಅನಾಹುತ ತಪ್ಪಿತು.

ಕರ್ನಾಟಕವೂ ಈ ವಿದ್ಯೆಯಿಂದ ದೂರ ಉಳಿದಿಲ್ಲ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ವಿಮಾನಚಾಲಕರು ನೆಲದ ಮೇಲೆಯೇ ಹಾರಾಟವನ್ನು ಅಭ್ಯಾಸ ಮಾಡುವ ಅನುಕರಣ ಯಂತ್ರಗಳನ್ನು ರೂಪಿಸಿದೆ. ಅಂತಹ ಯಂತ್ರದಲ್ಲಿ ವಿಮಾನ ಅಪ್ಪಳಿಸಿದರೆ ಚಾಲಕನು ತಪ್ಪನ್ನು ತಿದ್ದಿಕೊಂಡು ಮತ್ತೆ ಹಾರುತ್ತಾನೆ. ಇಲ್ಲಿ ‘ಮತ್ತೆ ಏಳುವುದು’ ಜೀವ ಉಳಿಸುವ ಉಪಾಯ. 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಭಾರತದಲ್ಲಿ ಗಣಕಯಂತ್ರದ ಆಟಗಳನ್ನು ತಯಾರಿಸಿದ ಮೊದಲಿಗರಲ್ಲಿ ಒಂದು. 2020ರ ಜೂನ್ 15ರ ರಾತ್ರಿ ಲಡಾಖಿನ ಗಲ್ವಾನ್ ಕಣಿವೆಯಲ್ಲಿ ಚೀನೀ ಸೈನಿಕರೊಡನೆ ನಡೆದ ಘರ್ಷಣೆಯಲ್ಲಿ ಇಪ್ಪತ್ತು ಮಂದಿ ಭಾರತೀಯ ಯೋಧರು ವೀರಮರಣ ಹೊಂದಿದರು. 2021ರ ಜನವರಿ 26ರಂದು ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆ ಬಿಡುಗಡೆ ಮಾಡಿದ ‘ಫೌಜಿ’ ಎಂಬ ಮೊಬೈಲ್ ಆಟ ಅದೇ ಕಣಿವೆಯ ಪ್ರಸಂಗದಿಂದ ಆರಂಭವಾಗುತ್ತಿತ್ತು. ಘಟನೆ ನಡೆದು ಎಂಟು ತಿಂಗಳು ಕಳೆಯುವುದರೊಳಗಾಗಿ ಅದು ಮಕ್ಕಳ ಬೆರಳ ತುದಿಗೆ ಬಂದಿತು. ಆಡುವ ಹುಡುಗನಿಗೆ ಅದು ಶೌರ್ಯದ ಪಾಠವಾಗಬಹುದು. ಆದರೆ ಆ ಇಪ್ಪತ್ತು ಮನೆಗಳಲ್ಲಿ ಮತ್ತೆ ಪ್ರಾರಂಭಿಸುವ ಗುಂಡಿ ಇರಲಿಲ್ಲ ಎಂಬುದನ್ನು ಅವನಿಗೆ ಆಟವಲ್ಲ, ಬೇರೆ ಯಾರಾದರೂ ಹೇಳಬೇಕು.

ಈ ಕೊರತೆಯನ್ನು ಕಂಡುಕೊಂಡ ಆಟದ ಕರ್ತೃಗಳೂ ಇದ್ದಾರೆ. 1980ರ ‘ಮಿಸೈಲ್ ಕಮಾಂಡ್’ ಎಂಬ ಆಟದಲ್ಲಿ ಆರು ನಗರಗಳನ್ನು ಕ್ಷಿಪಣಿಗಳಿಂದ ಕಾಪಾಡಬೇಕು. ಎಷ್ಟು ಚೆನ್ನಾಗಿ ಆಡಿದರೂ ಕೊನೆಗೆ ನಗರಗಳೆಲ್ಲ ಅಳಿಯುತ್ತವೆ, ಗೆಲುವೆಂಬುದೇ ಅಲ್ಲಿಲ್ಲ. 1985ರಲ್ಲಿ ಕ್ರಿಸ್ ಕ್ರಾಫರ್ಡ್ ರಚಿಸಿದ ‘ಬ್ಯಾಲೆನ್ಸ್ ಆಫ್ ಪವರ್’ ಎಂಬ ಆಟದಲ್ಲಿ ಎರಡು ಮಹಾರಾಷ್ಟ್ರಗಳ ನಡುವೆ ಪೈಪೋಟಿ ನಡೆಯುತ್ತದೆ. ಆಟಗಾರನು ಹಟ ಹಿಡಿದು ಪರಮಾಣು ಯುದ್ಧವನ್ನು ತಂದುಕೊಂಡರೆ, ತೆರೆಯ ಮೇಲೆ ಸ್ಫೋಟದ ಚಿತ್ರವೇನೂ ಬರುವುದಿಲ್ಲ; ಅಂತಹ ಸೋಲಿಗೆ ರಂಗುರಂಗಿನ ನೋಟವನ್ನು ಕೊಡುವುದಿಲ್ಲವೆಂಬ ಅರ್ಥದ ಕೆಲವು ಮಾತುಗಳಷ್ಟೇ ಬರುತ್ತವೆ. 2014ರಲ್ಲಿ ಪೋಲೆಂಡಿನಲ್ಲಿ ತಯಾರಾದ ‘ದಿಸ್ ವಾರ್ ಆಫ್ ಮೈನ್’ ಎಂಬ ಆಟದಲ್ಲಿ ಆಟಗಾರನು ಸೈನಿಕನಲ್ಲ. 1990ರ ದಶಕದಲ್ಲಿ ಮುತ್ತಿಗೆಗೆ ಸಿಕ್ಕಿ ನರಳಿದ ಸರಾಯೆವೊ ನಗರದ ನೆನಪಿನಿಂದ ಹುಟ್ಟಿದ ಆ ಆಟದಲ್ಲಿ, ಹಸಿವು, ಚಳಿ, ಕಾಯಿಲೆಗಳ ನಡುವೆ ಬದುಕಿ ಉಳಿಯಬೇಕಾದ ಸಾಮಾನ್ಯ ನಾಗರಿಕರನ್ನು ಅವನು ನಡೆಸಬೇಕು. ಸತ್ತವರು ಸತ್ತರೇ, ಉಳಿದವರು ಕುಗ್ಗಿಹೋಗುತ್ತಾರೆ. 2020ರಲ್ಲಿ ಪೋಲೆಂಡಿನ ಸರ್ಕಾರವು ಈ ಆಟವನ್ನು ಪ್ರೌಢಶಾಲೆಗಳ ಓದಿನ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು.

ಸಾವಿನ ಬೆಲೆಯನ್ನು ಹೀಗೆ ಲೆಕ್ಕಕ್ಕೆ ತಂದ ಆಟಗಳು ಈಚಿನವು. ಬಳ್ಳಿಗಾವಿಯ, ಉದ್ರಿಯ ಕಲ್ಲುಗಳು ಆ ಲೆಕ್ಕವನ್ನು ಶತಮಾನಗಳ ಹಿಂದೆಯೇ ಬರೆದಿಟ್ಟಿವೆ. ತೆರೆಯ ಮೇಲೆ ಬಿದ್ದ ಸೈನಿಕನಿಗೆ ಹೆಸರಿಲ್ಲ; ಅವನು ಕೊಂದವನ ಖಾತೆಯಲ್ಲಿ ಒಂದು ಅಂಕಿ ಮಾತ್ರ. ಕಲ್ಲಿನ ವೀರನಿಗೆ ಹೆಸರಿದೆ, ತಂದೆಯ ಹೆಸರಿದೆ, ಊರಿದೆ, ಹೋರಾಡಿದುದಕ್ಕೆ ಒಂದು ಕಾರಣವಿದೆ. ಅವನು ಸತ್ತ ಮೇಲೆ ಅವನ ಮನೆಯವರ ಜೀವನಕ್ಕೆಂದು ‘ನೆತ್ತರುಗೊಡಗೆ’ ಎಂಬ ಭೂಮಿಯನ್ನು ಬಿಟ್ಟುಕೊಡುತ್ತಿದ್ದುದೂ ಉಂಟು. ಚೆಲ್ಲಿದ ನೆತ್ತರಿಗೆ ಊರು ಋಣಿಯೆಂದು ಒಪ್ಪಿಕೊಂಡ ದಾಖಲೆ ಅದು. ಯಾವ ಆಟದ ಕೋಷ್ಟಕದಲ್ಲಿಯೂ ಈ ಋಣಕ್ಕೆ ಮನೆಯಿಲ್ಲ.

ಹಾಗೆಂದು ಕಲ್ಲು ಎಲ್ಲವನ್ನೂ ಹೇಳುತ್ತದೆ ಎಂದಲ್ಲ. ಅಪ್ಸರೆಯರೂ ಕೈಲಾಸವೂ ಸಾವನ್ನು ಸುಂದರವಾಗಿಸುತ್ತವೆ. ಗಾಯದ ನೋವು ಅಲ್ಲಿ ಕಾಣುವುದಿಲ್ಲ. ಎದುರು ಪಕ್ಷದಲ್ಲಿ ಮಡಿದವನ ತಾಯಿ ಅಲ್ಲಿ ಅಳುವುದಿಲ್ಲ. ಆದರೆ ಇದೇ ಸೀಮೆಯಲ್ಲಿ ವೀರಗಲ್ಲುಗಳೊಂದಿಗೆ ಮಾಸ್ತಿಕಲ್ಲುಗಳೂ ಇವೆ. ಬಳೆ ತೊಟ್ಟ ಒಂದು ತೋಳು ಮೇಲಕ್ಕೆದ್ದು ನಿಂತಿರುವ ಆ ಕಲ್ಲುಗಳು, ಗಂಡನ ಸಾವಿನೊಡನೆ ಬೆಂಕಿಗೆ ಬಿದ್ದ ಹೆಣ್ಣಿನ ಗುರುತು. ಅಂತಹ ಪದ್ಧತಿಯನ್ನು ಇಂದು ಯಾರೂ ಹೊಗಳಲಾರರು. ಕಾಳಗದ ಕೇಡು ಕಾಳಗದ ಬಯಲಿನಲ್ಲಿಯೇ ಮುಗಿಯಲಿಲ್ಲವೆಂಬುದಕ್ಕೆ ಆ ಮೂಕ ತೋಳಿಗಿಂತ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ.

ಯುದ್ಧದ ಆಟವನ್ನು ಆಡಬಾರದೆಂದು ಹೇಳುವುದು ಸುಲಭ. ಆದರೆ ಅದು ಪೂರ್ಣ ಸತ್ಯವಾಗದು. ಆಟವು ಮುಂದಾಲೋಚನೆಯನ್ನು ಕಲಿಸುತ್ತದೆ. ಎದುರಾಳಿಯ ಕಣ್ಣಿನಿಂದ ನೋಡುವುದನ್ನು ಕಲಿಸುತ್ತದೆ. ಜೀವಹಾನಿಯಿಲ್ಲದೆ ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶವನ್ನು ಕೊಡುತ್ತದೆ. ಕೇಡು ಇರುವುದು ಆಟದಲ್ಲಲ್ಲ, ಆಟದ ನಿಯಮವನ್ನು ಬಾಳಿನ ನಿಯಮವೆಂದು ತಿಳಿಯುವುದರಲ್ಲಿ. ಹಡಗನ್ನು ಮಾತಿನಿಂದ ತೇಲಿಸಿದ ದಳಪತಿ ಮಾಡಿದ ತಪ್ಪು ಇದೇ. ಜಗಲಿಯ ಮೇಲೆ ಕುಳಿತು ಆಡಿದ ಹುಡುಗನು ಆಟ ಮುಗಿದ ಮೇಲೆ ತಲೆಯೆತ್ತಿ, ತನ್ನ ಊರಿನ ವೀರಗಲ್ಲಿನ ಮುಂದೆ ಒಂದು ನಿಮಿಷ ನಿಂತರೆ ಸಾಕು. ಮಳೆಬಿಸಿಲಿಗೆ ಸವೆದ ಅಕ್ಷರಗಳ ನಡುವೆ ಒಬ್ಬ ಮನುಷ್ಯನ ಹೆಸರು ಅವನಿಗೆ ಕಾಣುತ್ತದೆ. ಆ ಮನುಷ್ಯ ಒಂದೇ ಸಲ ಬಿದ್ದವನು. ಅವನು ಬಿದ್ದ ದಿನ ಊರಿನ ದನಗಳು ಹಟ್ಟಿಗೆ ಮರಳಿದುವು, ಅವನು ಮರಳಲಿಲ್ಲ.

ಅಭ್ಯಾಸ

1. ವೀರಗಲ್ಲಿನ ಮೂರು ಅಂಕಣಗಳಲ್ಲಿ ಏನೇನು ಚಿತ್ರಿತವಾಗಿರುತ್ತದೆ?
2. ಚದುರಂಗಕ್ಕೂ ರೈಸ್‌ವಿಟ್ಜನ ಯುದ್ಧಕ್ರೀಡೆಗೂ ಇರುವ ಮುಖ್ಯ ವ್ಯತ್ಯಾಸಗಳಾವುವು?
3. ಮಿಡ್‌ವೇ ಯುದ್ಧಕ್ಕೆ ಮೊದಲು ನಡೆದ ಆಟದಲ್ಲಿ ಆದ ತಪ್ಪೇನು? ಅದರಿಂದ ತಿಳಿಯುವ ನೀತಿ ಯಾವುದು?
4. 1979ರ ನವೆಂಬರ್ 9ರ ಪ್ರಸಂಗದಲ್ಲಿ ಅನಾಹುತ ತಪ್ಪಿದುದು ಹೇಗೆ?
5. ‘ಯಾವ ಆಟದ ಕೋಷ್ಟಕದಲ್ಲಿಯೂ ಈ ಋಣಕ್ಕೆ ಮನೆಯಿಲ್ಲ.’ ಈ ಮಾತನ್ನು ಸಂದರ್ಭಸಹಿತ ವಿವರಿಸಿರಿ.
6. ನಿಮ್ಮ ಊರಿನಲ್ಲಿ ಅಥವಾ ನೆರೆಯ ಊರಿನಲ್ಲಿ ವೀರಗಲ್ಲು ಇದ್ದರೆ, ಅದನ್ನು ನೋಡಿ, ಅದರ ಚಿತ್ರಗಳನ್ನು ಒಂದು ಪುಟದಲ್ಲಿ ವರ್ಣಿಸಿರಿ.